ಸದ್ದಿಲ್ಲದೆ ಬೀಳುವುದನ್ನು ಕಲಿತವಳು

ಚಿಕಾಗೋ, 1934

ನೃತ್ಯತಂಡದ ಆಯ್ಕೆ ಸಮಿತಿಯ ಘನ ಅಧ್ಯಕ್ಷರೇ,

ನನ್ನ ತಮ್ಮನ ಮಗಳು ವರ್ಡೆಲ್‌ಳ ಪರೀಕ್ಷೆಯನ್ನು ನೀವು ನಡುವೆಯೇ ನಿಲ್ಲಿಸಿದಿರಿ. ನಮ್ಮ ಕರಿಯರ ಪತ್ರಿಕೆಯನ್ನು ತಾವು ಓದುವುದಿಲ್ಲವೆಂದು ಬಲ್ಲೆ. ತಮ್ಮ ಮನೆಯ ಅಡುಗೆಯವಳು ಓದುತ್ತಾಳೆ, ಆದ್ದರಿಂದ ಇಲ್ಲೇ ಬರೆಯುತ್ತಿದ್ದೇನೆ.

ಹೊಸ ನೃತ್ಯಕ್ಕೆ ಬೂಟು ಬೇಡ, ಬಿಗಿ ಉಡುಪು ಬೇಡ, ಎಲ್ಲ ದೇಹಗಳೂ ಸ್ವತಂತ್ರ ಎಂದು ಊರೆಲ್ಲ ಭಾಷಣ ಮಾಡಿದವರು ತಾವೇ ಅಲ್ಲವೇ? ಹಾಗಿದ್ದರೆ ಬರಿಗಾಲಿನ ಬಣ್ಣ ಅಡ್ಡ ಬಂದದ್ದೇಕೆ? ಪಿಯಾನೋ ನಿಲ್ಲಿಸಿ, "ಇದೆಲ್ಲ ನಿನಗ್ಯಾಕಮ್ಮ? ಕುಣಿತ ನಿಮ್ಮವರ ರಕ್ತದಲ್ಲೇ ಇದೆಯಲ್ಲ. ಕಾಡಿನ ದೃಶ್ಯಕ್ಕೆ ಎಲೆ ಕಟ್ಕೊಂಡು ಕುಣಿಯೋಳು ಒಬ್ಬಳು ಬೇಕು, ಒಪ್ಪಿಗೆಯಿದ್ರೆ ಸೋಮವಾರ ಬಂದು ಹೇಳು" ಎಂದಿರಿ. ಅವಳು ಮನೆಗೆ ಬಂದು ಹೇಳಿದ್ದನ್ನು ಕೇಳಿ ನನ್ನ ತಾಯಿ ಅವರೆಕಾಳು ಬಿಡಿಸುತ್ತಲೇ, "ನಮ್ಮ ರಕ್ತದಲ್ಲಿರೋದು ಸಕ್ಕರೆ ಕಾಯಿಲೆ ಕಣೇ. ಅದನ್ನೇ ಕುಣಿದು ತೋರಿಸ್ಬೇಕಿತ್ತು" ಎಂದರು. ನಾವೆಲ್ಲ ನಕ್ಕೆವು. ವರ್ಡೆಲ್ ನಗಲಿಲ್ಲ.

ಅವಳು ಕಲಿತದ್ದು ಎಲ್ಲಿ, ಗೊತ್ತೇ? ಯಾವ ಶಾಲೆಯೂ ಸೇರಿಸಿಕೊಳ್ಳದಿದ್ದಾಗ ಒಬ್ಬ ಬಿಳಿಯ ಶಿಕ್ಷಕಿ ಒಪ್ಪಿದರು. "ಹಿಂದಿನ ಮೆಟ್ಟಿಲು ಹತ್ತಿ ಅಟ್ಟಕ್ಕೆ ಬಾ. ಕೆಳಗೆ ನಮ್ಮ ಹುಡುಗಿಯರ ತಾಯಂದಿರು ಮುಂದಿನ ಪಾಠಕ್ಕೆ ಕಾಯ್ತಾ ಕೂತಿರ್ತಾರೆ. ಸದ್ದು ಕೇಳಿಸಿದ್ರೆ ನನ್ನ ಶಾಲೆ ಮುಚ್ಚಿದ ಹಾಗೇ" ಎಂದಿದ್ದರು. ಅವರೀಗ ತೀರಿಕೊಂಡಿದ್ದಾರೆ, ಅದಕ್ಕೇ ಈ ಗುಟ್ಟು ಬಿಚ್ಚುತ್ತಿದ್ದೇನೆ. ಅಟ್ಟದಲ್ಲಿ ಪಿಯಾನೋ ಇರಲಿಲ್ಲ. ಶಿಕ್ಷಕಿ ಗಾಳಿಯಲ್ಲಿ ಬೆರಳಾಡಿಸಿದ್ದೇ ತಾಳ. ಈ ಹೊಸ ನೃತ್ಯದಲ್ಲಿ ಬೀಳುವುದೂ ಒಂದು ಹೆಜ್ಜೆಯೇ; ಜಿಗಿದರೂ ನೆಲಕ್ಕೆ ಬಿದ್ದರೂ ಸದ್ದಾಗಬಾರದು. ಮನೆಯಲ್ಲಿ ಅಭ್ಯಾಸ ಮಾಡುವಾಗ "ಪೆಟ್ಟಾಯ್ತೇನೇ?" ಎಂದು ನಾನು ಕೇಳಿದರೆ, "ಕೇಳಿಸ್ತಾ ಅತ್ತೆ?" ಎಂದು ತಿರುಗಿ ಕೇಳುತ್ತಿದ್ದಳು.

ಹಾಗೆ ಕೆಳಗೆ ಕಾಯುತ್ತಿದ್ದವರಲ್ಲಿ ತಮ್ಮ ಶ್ರೀಮತಿಯವರೂ ಒಬ್ಬರು. ತಲೆಯ ಮೇಲೆ ಒಂದು ಜೀವ ಬಿದ್ದು ಎದ್ದು ಕಲಿಯುತ್ತಿದ್ದುದು ಅವರಿಗೆ ಒಮ್ಮೆಯಾದರೂ ಕೇಳಿಸಿತ್ತೇ? ದಯವಿಟ್ಟು ವಿಚಾರಿಸಿ.

ಈಗ ಅವಳು, "ಎಲೆ ಕಟ್ಕೊಂಡಾದ್ರೂ ವೇದಿಕೆ ಸಿಗುತ್ತಲ್ಲ ಅತ್ತೆ, ಒಪ್ಕೋತೀನಿ" ಎನ್ನುತ್ತಿದ್ದಾಳೆ. ಆ ಮಾತು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಿಟ್ಟಿಗೆ, "ಒಂದ್ಸಲ ಧಪ್ಪಂತ ಬಿದ್ದು ತೋರ್ಸೇ, ಬೀದಿಯೆಲ್ಲ ಕೇಳ್ಲಿ" ಎಂದೆ. ಅಡುಗೆಮನೆಯ ಹಲಗೆ ನೆಲದ ಮೇಲೆ ಬಿದ್ದಳು. ಸದ್ದಾಗಲಿಲ್ಲ. ಇನ್ನೊಮ್ಮೆ ಬಿದ್ದಳು. ಆಮೇಲೆ ಅಲ್ಲೇ ಮಲಗಿಕೊಂಡು, "ನನಗೆ ಬರ್ತಾನೇ ಇಲ್ಲ ಅತ್ತೆ" ಎಂದು ಅತ್ತಳು. ಆ ಅಳುವೂ ಕೇಳಿಸಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಸೋಮವಾರ ಅವಳ ಪರೀಕ್ಷೆ ಮತ್ತೆ ನಡೆಯಲಿ, ಕೊನೆಯವರೆಗೆ, ಬಾಗಿಲು ತೆರೆದಿಟ್ಟು. ಪಿಯಾನೋ ನಾನೇ ನುಡಿಸುತ್ತೇನೆ. ಸದ್ದು ಮಾಡುವುದೊಂದನ್ನು ಅವಳಿನ್ನೂ ಕಲಿಯಬೇಕಾಗಿದೆ, ಅದಕ್ಕೆ ನಿಮ್ಮ ವೇದಿಕೆಯೇ ಬೇಕು.

ಇಂತಿ,
ಭಾನುವಾರ ಮಾತ್ರ ಗಟ್ಟಿಯಾಗಿ ನುಡಿಸಲು ಅಪ್ಪಣೆಯಿರುವ ಚರ್ಚಿನ ಪಿಯಾನೋದವಳು,
ಓಜೆಲ್ಲಾ ಪೆಟಿವೇ