ಮಾತಾಡದ ಹತ್ತು ಗಂಟೆ

ಮಾರ್ಚ್ ೩, ಸಂಜೆ

ಆರಕ್ಕೆ ಕ್ಲಾಸು. ತರ್ಕಶಾಸ್ತ್ರ, ಮೂರು ಕ್ರೆಡಿಟ್ಟು, ಒಬ್ಬಳೇ ವಿದ್ಯಾರ್ಥಿನಿ. ನಲವತ್ತು ದಾಟಿದಾಕೆ. ಕರೆಂಟ್ ಆಫೀಸಿನ ಮೀಟರ್ ರೀಡರ್. ಮನೆ ಮನೆಯ ಮೆಟ್ಟಿಲು ಹತ್ತಿ ಇಳಿದು ಮಂಡಿ ಹೋಗಿದೆ. ಈ ತಿಂಗಳೊಳಗೆ ಡಿಗ್ರಿ ತೋರಿಸಿದರೆ ಕುರ್ಚಿಯ ಕೆಲಸ, ಇಲ್ಲವಾದರೆ ಮತ್ತೆ ಮೆಟ್ಟಿಲು. ಬಾಕಿ ಇರುವುದು ಈ ಪೇಪರ್ ಒಂದೇ.

ಬೋರ್ಡಿನ ಮೇಲೆ ಬರೆದೆ: ಎಲ್ಲ ಮನುಷ್ಯರೂ ಸಾಯುವವರು.

"ದಿನಾ ಸಾವಿಂದಲೇ ಶುರು ಮಾಡ್ತೀರಲ್ಲ ಸರ್. ಬೇರೆ ಉದಾಹರಣೆ ಇಲ್ವಾ?"

ಅಳಿಸಿದೆ. ಎಲ್ಲ ಮೀಟರುಗಳೂ ಒಂದು ದಿನ ನಿಲ್ಲುತ್ತವೆ.

"ಇದು ಪರವಾಗಿಲ್ಲ. ನಿಂತ ಮೀಟರ್ ಇರೋ ಮನೇಲಿ ನಂಗೆ ಭಾರಿ ಉಪಚಾರ."

ನಕ್ಕೆ. ನಗು ಕೆಮ್ಮಾಯಿತು. ಗಂಟಲಲ್ಲಿ ಮರಳು.

ಮಾರ್ಚ್ ೧೧

ಧ್ವನಿಪೆಟ್ಟಿಗೆಯಲ್ಲಿ ಗಂಟು. ಮೂವತ್ತಕ್ಕೆ ಆಪರೇಷನ್. ಅಲ್ಲಿಯವರೆಗೆ ಒಂದು ಮಾತೂ ಕೂಡದು. ಆಮೇಲೆ? ನೋಡೋಣ ಎಂದರು ಡಾಕ್ಟರು, ಕಿಟಕಿಯ ಕಡೆ ತಿರುಗಿ.

ಮನೆಯಲ್ಲಿ ಅಕ್ಕ: "ಸದ್ಯ. ಹುಟ್ಟಿದಾಗಿಂದ ನಿನ್ನ ವಾದ ಕೇಳಿ ಸಾಕಾಗಿತ್ತು ಕಣೋ." ಹೇಳಿ ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು. ಬಹಳ ಹೊತ್ತು ನಿಲ್ಲಿಸಲಿಲ್ಲ.

ಮಾರ್ಚ್ ೧೨

ಬೋರ್ಡಿನ ಮೇಲೆ ಬರೆದೇ ತಿಳಿಸಿದೆ. ಆಕೆ ಓದಿದಳು. ಹೆಗಲಿನ ಬ್ಯಾಗು ಇಳಿಸಲಿಲ್ಲ.

"ಅಯ್ಯೋ ಸರ್... ಹಾಗಾದ್ರೆ ಈ ಪೇಪರ್ರು?"

ತರ್ಕ ಕಲಿಸುವವರು ಇಲ್ಲಿ ಬೇರೆ ಯಾರೂ ಇಲ್ಲ. ಹತ್ತು ಗಂಟೆ ಬಾಕಿ. ಬರೆದೆ — ಒಂದು ಕ್ರೆಡಿಟ್ ಎಂದರೆ ಹದಿನೈದು ಗಂಟೆ, ಮೇಷ್ಟರೂ ವಿದ್ಯಾರ್ಥಿಯೂ ಒಂದೇ ಕೋಣೆಯಲ್ಲಿ. ಶುರುವಿಗೊಮ್ಮೆ ಕೊನೆಗೊಮ್ಮೆ ಇಬ್ಬರ ಹೆಬ್ಬೆಟ್ಟು ಬಾಗಿಲ ಪಕ್ಕದ ಯಂತ್ರಕ್ಕೆ. ಒಳಗೆ ಯಾರು ಮಾತಾಡಿದರು ಎಂದು ಅದು ಕೇಳುವುದಿಲ್ಲ.

"ಮನೆಗೇ ಹೋಗದೆ ರೀಡಿಂಗ್ ಬರೆಯೋರು ನಮ್ಮಲ್ಲೂ ಇದಾರೆ ಸರ್."

ನಾವು ಮನೆಗೆ ಹೋಗುತ್ತೇವಲ್ಲ, ಎಂದು ಬರೆದೆ.

ಯೋಚಿಸಿದಳು. ಕೂತಳು.

ಮಾರ್ಚ್ ೧೯

ನಾನು ಲೆಕ್ಕ ಬರೆಯುವುದು, ಆಕೆ ಬಿಡಿಸುವುದು, ನಾನು ತಿದ್ದುವುದು. ಸೀಮೆಸುಣ್ಣದ ಸದ್ದು, ಫ್ಯಾನಿನ ಸದ್ದು. ಈಗೀಗ ಆಕೆಯೂ ಮಾತಾಡುವುದಿಲ್ಲ. ಮರ್ಯಾದೆಗೋ ಅಭ್ಯಾಸಕ್ಕೋ. ತಪ್ಪುಗಳು ಕಡಿಮೆಯಾಗಿವೆ. ಇಷ್ಟು ವರ್ಷ ನಾನು ಮಾತಾಡಿದ್ದೆಲ್ಲ ಹಾಗಾದರೆ... ಬೇಡ, ಆ ದಾರಿ ಹಿಡಿಯಬಾರದು.

ಮಾರ್ಚ್ ೨೫

ಕೊನೆಯ ಗಂಟೆ. ಹೆಬ್ಬೆಟ್ಟು. ಹಸಿರು ದೀಪ. ಹೋಗುವ ಮುಂಚೆ ಸೀಮೆಸುಣ್ಣ ಎತ್ತಿಕೊಂಡು ಆಕೆಯೇ ಬೋರ್ಡಿನ ಮೇಲೆ ಬರೆದಳು: ಥ್ಯಾಂಕ್ಸ್ ಸರ್. ಬಾಯಲ್ಲೇ ಹೇಳಬಹುದಿತ್ತು.

ರಜೆ ಅರ್ಜಿಗೆ ಡಾಕ್ಟರ ಚೀಟಿ ಲಗತ್ತಿಸಿ ಕಾಲೇಜು ಆಫೀಸಿಗೆ ಕೊಟ್ಟು ಬಂದೆ. ಹಗುರ ಅನಿಸಿತು. ಬರೆಯುವಾಗ ಮುಜುಗರ, ಆದರೂ — ಅನಿಸಿತು.

ಮಾರ್ಚ್ ೨೭

ಸೂಪರಿಂಟೆಂಡೆಂಟ್ ಕರೆಸಿದರು. ಒಳ್ಳೆಯ ಮನುಷ್ಯ. ಎದ್ದು ಬಂದು ಕುರ್ಚಿ ಎಳೆದು ಕೊಟ್ಟರು. ಮೇಜಿನ ಮೇಲೆ ಎರಡು ಹಾಳೆ, ಪಕ್ಕಪಕ್ಕದಲ್ಲಿ. ಡಾಕ್ಟರದು: ಹನ್ನೆರಡರಿಂದ ಮಾತು ನಿಷಿದ್ಧ. ಯಂತ್ರದ್ದು: ಹನ್ನೆರಡರಿಂದ ಹತ್ತು ಗಂಟೆ ಉಪನ್ಯಾಸ.

"ನಾನೇನ್ ಮಾಡ್ಲಿ ಹೇಳಿ ಮೇಷ್ಟ್ರೇ. ಉಪನ್ಯಾಸ ಇಲ್ದಿದ್ರೆ ಅದು ಪ್ರಾಕ್ಟಿಕಲ್ ಲೆಕ್ಕಕ್ಕೆ ಹೋಗುತ್ತೆ. ಪ್ರಾಕ್ಟಿಕಲ್ ಅಂದ್ರೆ ಎರಡು ಗಂಟೆಗೆ ಒಂದು. ನಿಮ್ಮ ಹತ್ತು ಐದಾಯ್ತು."

ಚೀಟಿಯಲ್ಲಿ ಬರೆದೆ: ಇನ್ನೂ ಹತ್ತು ಕೂರುತ್ತೇವೆ.

"ಒಂದು ಪೇಪರಿಗೆ ದಿನಕ್ಕೆ ಒಂದೇ ಗಂಟೆ. ಮೂವತ್ತಕ್ಕೆ ನೀವೇ ಇರೋಲ್ಲ..." ನಾಲಿಗೆ ಕಚ್ಚಿಕೊಂಡರು. "ಅಂದ್ರೆ, ರಜೇಲಿ ಇರ್ತೀರಲ್ಲ."

ಮತ್ತೆ ಬರೆದೆ: ಮುಂದಿನ ವರ್ಷ?

"ಕಲಿಸೋರಿಲ್ದೆ ಪೇಪರ್ ಎಲ್ಲಿಂದ ತರೋಣ?"

ಎರಡು ಆಧಾರವಾಕ್ಯ, ಒಂದು ತೀರ್ಮಾನ. ಎಲ್ಲೂ ಬಿರುಕಿಲ್ಲ. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಮೊದಲನೆಯ ಹಾಳೆ ಒಯ್ದು ಕೊಟ್ಟದ್ದು ನಾನೇ. ಯಾರೂ ಕೇಳಿರಲಿಲ್ಲ, ಆಕೆಯ ಕ್ರೆಡಿಟ್ಟು ದಾಖಲಾಗುವವರೆಗೆ ಇನ್ನೆರಡು ದಿನ ತಡೆಯಬಹುದಿತ್ತು.

ಮಾರ್ಚ್ ೨೮

ನನ್ನ ಪುಸ್ತಕ ತರಲು ಹೋದೆ. ಆಕೆ ಬಾಗಿಲಲ್ಲಿ. ಆಫೀಸಿನಿಂದ ಫೋನ್ ಹೋಗಿದೆ, ಎಲ್ಲ ಗೊತ್ತು. ಆದರೂ ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ.

"ಹೊಸ ಏರಿಯಾ ಕೊಟ್ಟಿದಾರೆ ಸರ್. ಒಂಬತ್ತು ಮಹಡಿ, ಲಿಫ್ಟ್ ಕೆಟ್ಟಿದೆ. ಮೀಟರೆಲ್ಲ ಆಯಾ ಮಹಡೀಲೇ ಇಟ್ಟಿದಾರೆ ಪುಣ್ಯಾತ್ಮರು." ಮಂಡಿ ಹಿಡಿದುಕೊಂಡು ಬೆಂಚಿಗೆ ಇಳಿದಳು. "ಒಂದು ಗಂಟೆ ಕೂತು ಹೋಗ್ತೀನಿ. ಲೆಕ್ಕಕ್ಕೆ ಬೇಡ."

ಸೀಮೆಸುಣ್ಣ ತೆಗೆದುಕೊಂಡೆ. ವಾಪಸ್ಸು ಇಟ್ಟೆ.

ಆಕೆಗೆ ಅರ್ಥವಾಯಿತು. "ಬೇಡ ಸರ್. ನನ್ನಾಣೆ, ಬೇಡ."

ಬಾಯಿ ತೆರೆದೆ. ನನ್ನದಲ್ಲದ ಯಾವುದೋ ಸದ್ದು ಬಂತು. ಆದರೂ ಪದವೇ. ಎಲ್ಲ ಮೀಟರುಗಳೂ, ಎಂದೆ. ಎಲ್ಲ ಮೀಟರುಗಳೂ ಒಂದು...