ಇಲ್ಲದ ಹರಕೆ

೧೭ ಫೆಬ್ರವರಿ ೧೯೮೧, ಮಂಗಳವಾರ. ಶೆಟ್ಟಿಕೆರೆ.

ಸಿಟ್ಟಿಗೆ ಊಟ ಸೇರಲಿಲ್ಲ. ಅರವತ್ತು ದಾಟಿದ ಮೇಲೆ ಸೈಕಲ್ಲಿನಲ್ಲಿ ಗೋಕರ್ಣಕ್ಕೆ ಹೋಗಿ ಬಂದೆ. ಸಮುದ್ರ ನೋಡುವ ಆಸೆ, ಅಷ್ಟೇ. ಇವತ್ತು ವಾಪಸು ಬಂದರೆ ಊರ ಮುಂದೆಯೇ ಪಕ್ಕದ ತೋಟದ ಹುಚ್ಚಣ್ಣ ಸೈಕಲ್ಲಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನನ್ನ ಕಾಲಿಗೆ ಬಿದ್ದ.

"ಹರಕೆ ತೀರ್ತಲ್ಲ ಬುಡು, ಅಣ್ಣ!"

ಯಾವ ಹರಕೆ? ನನ್ನ ಹೆಂಡತಿ ಪುಟ್ಟಗೌರಮ್ಮ ಊರಿಗೆಲ್ಲ ಹಾಗೆ ಹೇಳಿಕೊಂಡು ಬಂದಿದ್ದಾಳೆ. ಗೇರುಸೊಪ್ಪೆ ಘಾಟಿಯಲ್ಲಿ ಏದುಸಿರು ಬಿಟ್ಟವನು ನಾನು, ಹೆಸರು ದೇವರಿಗೆ!

ಕೂಗಾಡಿದೆ. ಅವಳು ರಾಗಿ ಕೇರುತ್ತಲೇ, "ಮುದುಕ ಸುಮ್ನೆ ಸಮುದ್ರ ನೋಡಕ್ಕೋದ ಅಂದಿದ್ರೆ ತಲೆ ಕೆಟ್ಟೈತೆ ಅಂತಿದ್ರು ಕಣ್ರೀ" ಅಂದಳು. ಆಮೇಲೆ ಮೊರ ಕೆಳಗಿಟ್ಟು, "ನಂಗೂ ಒಂದು ಹರಕೆ ಐತೆ. ಕ್ಯಾರಿಯರ್ ಗಟ್ಟಿ ಐತಾ?" ಅಂದಳು.

ಸಿಟ್ಟು ಇನ್ನೂ ಇಳಿದಿಲ್ಲ. ಹಾಳಾದ ಕ್ಯಾರಿಯರ್ ನಟ್ಟು ಸಡಿಲವಿದೆ, ಬೆಳಿಗ್ಗೆ ಎದ್ದ ತಕ್ಷಣ ಬಿಗಿ ಮಾಡಬೇಕು.