ಬಾಲವಾಡಿಯ ಎಣ್ಣೆ

ಜಗಳೂರು
೧೪-೮-೧೯೮೧

ಪ್ರೀತಿಯ ತಮ್ಮ ಬೋರಣ್ಣನಿಗೆ,

ಕುದುರೆಮುಖದ ಆ ಮಳೆಯಲ್ಲಿ ನೀನೂ ಹೊನ್ನೂರಮ್ಮನೂ ಹೇಗಿದ್ದೀರಿ? ಥಂಡಿಗೆ ನಿನ್ನ ಕೆಮ್ಮು ಹೆಚ್ಚಿತೋ ಇಳಿಯಿತೋ, ಹೋದ ಕಾಗದದಲ್ಲಿ ಬರೆಯಲೇ ಇಲ್ಲ. ಬಸುರಿ ಹೆಂಗಸು, ಗಣಿ ಕಾಲೋನಿಯ ಜಾರುವ ದಾರಿಯಲ್ಲಿ ನೀರು ಹೊರದಂತೆ ನೋಡಿಕೋ. ಅವ್ವನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ಕ್ವಾರ್ಟರ್ಸ್ ಸಿಗುವವರೆಗೆ ಎಂದು ನೀವು ನಮ್ಮಲ್ಲಿ ಬಿಟ್ಟುಹೋದ ನಿಮ್ಮ ಮಗಳು ಬಂಗಾರಿಗೆ ದಡಾರ ಎದ್ದು ಇಳಿದದ್ದು ನಿನಗೆ ಗೊತ್ತು. ಆಮೇಲೆ ಭೇದಿ ಹಿಡಿಯಿತು, ಮಗು ಕಡ್ಡಿಯಾಯಿತು. ಈಗ ಹೊತ್ತು ಮುಳುಗಿದರೆ ಗೋಡೆ ಹಿಡಿದು ನಡೆಯುತ್ತಾಳೆ. ಇದು ಇರುಳುಗಣ್ಣು, ಎ ಜೀವಸತ್ವ ಸಾಲದೆ ಬರುವುದು ಎಂದು ಇಲ್ಲಿನ ಆಸ್ಪತ್ರೆಯಲ್ಲಿ ಹೇಳಿದರು. ಔಷಧಿ ಮಾತ್ರ ಇರಲಿಲ್ಲ. ಮುಂದಿನ ತಿಂಗಳು ಬನ್ರಿ ಎಂದರು. ಸೊಪ್ಪು ತಿಂದರೆ ಮತ್ತೆ ಭೇದಿಯಾಗುತ್ತದೆಂದು ಅವ್ವ ಒಂದೆಸಳೂ ಕೊಡುವುದಿಲ್ಲ. ಸರಿ, ನಮ್ಮ ಕೇರಿಯ ಬಾಲವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಕೊಡುತ್ತಾರಲ್ಲ, ಅಲ್ಲಾದರೂ ತಿನ್ನಲಿ ಎಂದು ಕಳಿಸಿದೆ. ಹೊರದೇಶದಿಂದ ಬರುವ ಆ ಎಣ್ಣೆಯ ಡಬ್ಬಿಯ ಮೇಲೆ ಎ ಜೀವಸತ್ವ ಬೆರೆಸಿದೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುವುದನ್ನು ನಾನೇ ಓದಿದ್ದೆ. ನಮ್ಮ ಬಂಗಾರಿಯಂಥವರಿಗೆಂದೇ ಯಾರೋ ಬುದ್ಧಿವಂತರು ಬೆರೆಸಿ ಕಳಿಸಿದ ಎಣ್ಣೆ ಅದು.

ಒಂದು ದಿನ ನೋಡುತ್ತೇನೆ, ತಟ್ಟೆಯಲ್ಲಿ ಉಪ್ಪಿಟ್ಟು ಒಣ ಮರಳಿನ ಹಾಗಿದೆ. ಎಣ್ಣೆ ಎಲ್ಲಿ ಎಂದು ಅಡುಗೆಯ ದುರುಗಕ್ಕನನ್ನು ಕೇಳಿದೆ. "ಅದು ಒಂಥರಾ ವಾಸ್ನೆ ಬರ್ತೈತೆ ಅಣ್ಣ, ಹುಡ್ರು ಮೂಗು ಮುಚ್ಕೊಂತಾವೆ. ಪಂಚಾಯ್ತಿ ಅಧ್ಯಕ್ಷರು ದುರುಗಮ್ಮನ ಗುಡಿ ನಂದಾದೀಪಕ್ಕೆ ಕೊಡಾಕೆ ಹೇಳ್ಯಾರೆ," ಎಂದಳು. ಕದ್ದು ಮಾರಿದ್ದರೆ ಹಿಡಿದು ಬೈಯಬಹುದಿತ್ತು. ಇವರು ಪುಣ್ಯ ಕಟ್ಟಿಕೊಳ್ಳುತ್ತಿದ್ದಾರೆ.

ಅದಕ್ಕಿಂತ ದೊಡ್ಡದು ನಮ್ಮ ಮನೆಯಲ್ಲೇ ನಡೆದಿದೆ. ದಡಾರವಾಗಿ ದುರುಗಮ್ಮನೇ ಬಂದದ್ದು, ಹೋಗುವಾಗ ಕೂಸಿನ ಕಣ್ಣು ಒಯ್ದಳು ಎಂದು ಅವ್ವ ಕಣ್ಣು ಬರುವವರೆಗೆ ದಿನಾ ಗುಡಿಯಲ್ಲಿ ದೀಪ ಹಚ್ಚುವ ಹರಕೆ ಹೊತ್ತಿದ್ದಾಳೆ. ಎಣ್ಣೆ ಅದೇ ಡಬ್ಬಿಯದು. ಮಗುವಿನ ಹೊಟ್ಟೆಗೆ ಹೋಗಬೇಕಾದದ್ದನ್ನು ಮಗುವಿನ ಕಣ್ಣಿಗೆಂದೇ ಸುಡುತ್ತಿದ್ದೇವೆ. ಮೊನ್ನೆ ಸಂಜೆ ಗುಡಿಯಲ್ಲಿ ಬಂಗಾರಿ ಹೇಳಿದಳು: "ದೀಪ ಕಾಣ್ತೈತೆ, ನೀನು ಕಾಣಲ್ಲ ಅಜ್ಜಿ." ಅವ್ವ ಅದನ್ನೇ ಹಿಡಿದುಕೊಂಡು, ದೀಪ ಕಂಡಿತಂತೆ, ಹರಕೆ ಹತ್ತಿತು ಎಂದು ಕೇರಿಗೆಲ್ಲ ಸಾರಿದಳು.

ನಾನು ಅಧ್ಯಕ್ಷರಲ್ಲಿಗೆ ಹೋದೆ. ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ, "ಏನಪಾ ಪೇಪರ್ ಗಾದ್ರಪ್ಪ, ದೇವಿ ಎಣ್ಣೆಗೂ ಲೆಕ್ಕ ಕೇಳಾಕೆ ಬಂದ್ಯಾ? ನಿನ್ನ ವಿಟಮಿನ್ನು ದೊಡ್ಡದೋ, ದುರುಗಮ್ಮ ದೊಡ್ಡಾಕಿಯೋ?" ಎಂದರು. ಎಲ್ಲರೂ ನಕ್ಕರು. ಬರದ ವರ್ಷ ಮಕ್ಕಳಿಗೆಂದು ಬಂದ ಹಾಲಿನ ಪುಡಿಯನ್ನು ಇವರ ಅಪ್ಪ ಎಮ್ಮೆಗರುವಿಗೆ ಕಲಸಿ ಇಟ್ಟದ್ದು ನನಗೆ ಮರೆತಿಲ್ಲ. ಆಗ ನಗಲು ಕಟ್ಟೆಯ ಮೇಲೆ ಯಾರಿಗೂ ತ್ರಾಣವಿರಲಿಲ್ಲ.

ದಾವಣಗೆರೆಯ ಆಸ್ಪತ್ರೆಗೆ ಒಯ್ಯುತ್ತೇನೆಂದು ಅವ್ವನೊಡನೆ ಜಗಳವಾಡಿ ಸಾಕಾಗಿದೆ. ಹರಕೆ ಮುಗಿಯುವ ಮುಂಚೆ ಕೂಸು ಊರ ಗಡಿ ದಾಟಬಾರದಂತೆ, ಹೆತ್ತಪ್ಪ ಬಾಯಿಬಿಟ್ಟು ಹೇಳಿದರೆ ಮಾತ್ರ ಬಿಡುತ್ತಾಳಂತೆ. ನೀನೋ, "ಅವ್ವ ಹೇಳಿದಂಗೆ ನಡೀಲಿ" ಎಂದು ಬರೆದು ಕೈತೊಳೆದುಕೊಂಡೆ. ನಿನ್ನ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಹೊನ್ನೂರಮ್ಮನಿಗೆ ಸುಖವಾಗಿ ಹೆರಿಗೆಯಾಗಲಿ. ಇಬ್ಬರಿಗೂ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಗಾದ್ರಪ್ಪ

ತಾ.ಕ.: ಕಾಗದ ಅಂಟಿಸುವ ಮುಂಚೆ ಇದನ್ನು ಬರೆಯುತ್ತಿದ್ದೇನೆ. ಇವತ್ತು ಹಾಡುಹಗಲಲ್ಲೇ ಬಂಗಾರಿ ಮುದ್ದೆಯ ತಟ್ಟೆಗೆ ಕೈ ಚಾಚಿ ನೆಲ ಮುಟ್ಟಿದಳು. ಬಿಸಿಲಿಗೆ ಕರೆತಂದು ನೋಡಿದರೆ ಎಡಗಣ್ಣಿನ ಕರಿಗುಡ್ಡೆಯ ಮೇಲೆ ಬಿಳುಪು ಕೂತಿದೆ. ಅವ್ವನಿಗೆ ಹೇಳದೆ ನಾಳೆ ಮೊದಲ ಬಸ್ಸಿಗೆ ದಾವಣಗೆರೆಯ ಆಸ್ಪತ್ರೆಗೆ ಒಯ್ಯುತ್ತೇನೆ. ನಿನ್ನ ಒಪ್ಪಿಗೆಯನ್ನೂ ಕಾಯುವುದಿಲ್ಲ. ಕಾಗದ ಬರೆಯುತ್ತ ಕೂರಬೇಡ, ನೀವಿಬ್ಬರೂ ಹೊರಟು ಬನ್ನಿ. ಬಲಗಣ್ಣು ಇನ್ನೂ ಕಪ್ಪಾಗಿದೆ. ಅದಿರುವಾಗಲೇ ಅವಳು ನಿಮ್ಮ ಮುಖ ನೋಡಲಿ.